ಕೈಯಿಂದ ಟೈಪಿಸಿದ ಪುಟಸಂಖ್ಯೆಗಳು

ಕೆಲವು ವರ್ಷಗಳ ಹಿಂದೆ ನಾನು ಪುಟವಿನ್ಯಾಸ ಮಾಡಿದ ತಾಂತ್ರಿಕ ಕೈಪಿಡಿಯೊಂದರ ಪ್ರತಿ ಈಗಲೂ ನನ್ನ ಮೇಜಿನ ಮೇಲಿದೆ. ಅದರ 214ನೇ ಪುಟದಲ್ಲಿ "ಅಳತೆಗಳ ಕೋಷ್ಟಕಕ್ಕೆ 168ನೇ ಪುಟ ನೋಡಿ" ಎಂಬ ಸಾಲಿದೆ. 168ನೇ ಪುಟವನ್ನು ತೆರೆದರೆ ಅಲ್ಲಿ ಕೋಷ್ಟಕವಿಲ್ಲ, ಪಂಪಿನ ಬಿಡಿಭಾಗಗಳ ಚಿತ್ರವಿದೆ. ಕೋಷ್ಟಕ ಇರುವುದು 170ನೇ ಪುಟದಲ್ಲಿ. ಎರಡನೆಯ ಕರಡು ತಿದ್ದಿ ಮುಗಿದ ಮೇಲೆ ಲೇಖಕರು ನಾಲ್ಕನೆಯ ಅಧ್ಯಾಯಕ್ಕೆ ಎರಡು ಪುಟಗಳಷ್ಟು ವಿಷಯವನ್ನು ಸೇರಿಸಿದರು. ಪುಟದ ಅಡಿಯಲ್ಲಿದ್ದ ಸಂಖ್ಯೆಗಳು ತಾವಾಗಿಯೇ ಬದಲಾದವು, ಪರಿವಿಡಿಯನ್ನೂ ಹೊಸದಾಗಿ ತೆಗೆದೆ. ಆದರೆ ವಾಕ್ಯಗಳ ನಡುವೆ ಹುದುಗಿದ್ದ ಪುಟಸಂಖ್ಯೆಗಳನ್ನೆಲ್ಲ ನಾನು ಕೈಯಿಂದಲೇ ಟೈಪಿಸಿದ್ದೆ. ಅವು ಇದ್ದ ಹಾಗೆಯೇ ಉಳಿದವು, ಹಾಗೆಯೇ ಅಚ್ಚಾದವು.

ಹೀಗೆ ತಪ್ಪಿದ ಉಲ್ಲೇಖಗಳು ಒಟ್ಟು 63. ಉಲ್ಲೇಖ ಎಲ್ಲಿದೆ ಎಂಬುದರಿಂದಲ್ಲ, ಅದು ಎತ್ತ ಬೆರಳು ತೋರಿಸುತ್ತದೆ ಎಂಬುದರಿಂದ ಅದರ ತಪ್ಪು ಒಪ್ಪು ನಿರ್ಧಾರವಾಗುತ್ತದೆ. ಹೊಸ ವಿಷಯ ಸೇರಿದ ಜಾಗಕ್ಕಿಂತ ಮುಂದಿರುವ ಪುಟಗಳನ್ನು ಸೂಚಿಸುವ ಉಲ್ಲೇಖಗಳೆಲ್ಲ, ಅವು ಮೊದಲನೆಯ ಅಧ್ಯಾಯದಲ್ಲೇ ಇದ್ದರೂ, ಎರಡು ಪುಟ ಹಿಂದೆ ಬಿದ್ದವು. ಕೊನೆಯ ಅಧ್ಯಾಯದಲ್ಲಿದ್ದು ಎರಡನೆಯ ಅಧ್ಯಾಯದ ಕಡೆಗೆ ಕಳಿಸುವ ಉಲ್ಲೇಖಗಳು ಮಾತ್ರ ಸರಿಯಾಗಿಯೇ ಉಳಿದವು. ಆದ್ದರಿಂದ ಅಲ್ಲೊಂದು ಇಲ್ಲೊಂದು ತೆರೆದು ನೋಡಿದವರಿಗೆ ಎಲ್ಲವೂ ಸರಿಯಿದೆ ಎಂದೇ ತೋರುವ ಸಾಧ್ಯತೆ ಇತ್ತು, ಮತ್ತು ನಮಗೆ ಹಾಗೆಯೇ ತೋರಿತು. ಕೈಪಿಡಿಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಕೆಲಸದ ನಡುವೆ, ಒಂದು ಕೈಯಲ್ಲಿ ಸಲಕರಣೆ ಹಿಡಿದು, ಬೇಕಾದ ಪುಟವನ್ನಷ್ಟೇ ತೆರೆಯುತ್ತಾರೆ. ಅಂಥವರನ್ನು ಇಲ್ಲದ ಕೋಷ್ಟಕದ ಕಡೆಗೆ ಕಳಿಸಿದ್ದು ನನ್ನನ್ನು ಬಹಳ ಕಾಲ ಬಾಧಿಸಿತು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ತಂತ್ರಾಂಶಗಳು ಪುಟಸಂಖ್ಯೆಯನ್ನು ಹೇಗೆ ನಿಭಾಯಿಸುತ್ತವೆ ಎಂಬುದನ್ನು ನಾನು ಬುಡದಿಂದ ಕಲಿತದ್ದು ಆಮೇಲೆಯೇ.

ಪುಟದ ಅಡಿಯಲ್ಲಿ ಕಾಣುವ ಸಂಖ್ಯೆಯು ತಂತ್ರಾಂಶದ ಒಳಗೆ ಸಂಖ್ಯೆಯೇ ಅಲ್ಲ. ಅದು "ಈ ಪುಟದ ಸಂಖ್ಯೆಯನ್ನು ಇಲ್ಲಿ ಬರೆ" ಎಂದು ಹೇಳುವ ಒಂದು ಗುರುತು. ಅದನ್ನು ಮಾಸ್ಟರ್ ಪುಟದಲ್ಲಿ, ಅಂದರೆ ಒಳಪುಟಗಳಿಗೆ ಅಚ್ಚಿನಂತಿರುವ ಮಾದರಿ ಪುಟದಲ್ಲಿ, ಒಮ್ಮೆ ಇಟ್ಟರೆ ಆ ಮಾಸ್ಟರನ್ನು ಆಧರಿಸಿದ ಎಲ್ಲ ಪುಟಗಳಲ್ಲೂ ತಕ್ಕ ಸಂಖ್ಯೆ ಮೂಡುತ್ತದೆ. ಹಳೆಯ ಡಿಟಿಪಿ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡಿದವರಿಗೆ ಎಡ ಮಾಸ್ಟರ್ ಪುಟದಲ್ಲಿ "ಎಲ್‌ಎಂ", ಬಲ ಮಾಸ್ಟರ್ ಪುಟದಲ್ಲಿ "ಆರ್‌ಎಂ" ಎಂದು ಕಾಣುತ್ತಿದ್ದುದು ನೆನಪಿರಬಹುದು. ಕ್ವಾರ್ಕ್‌ನಲ್ಲಿ ಅದೇ ಗುರುತು ಕೋನ ಆವರಣದ ನಡುವಿನ ಹ್ಯಾಷ್ ಚಿಹ್ನೆಯಾಗಿ ಕಾಣುತ್ತದೆ. ಇನ್‌ಡಿಸೈನ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಕೀಲಿಗಳ ಜೊತೆ ಎನ್ ಒತ್ತಿದರೆ ಮಾಸ್ಟರ್‌ನ ಹೆಸರಿನಲ್ಲಿರುವ "ಎ" ಅಥವಾ "ಬಿ" ಅಕ್ಷರ ಬರುತ್ತದೆ. ಹೊಸದಾಗಿ ಕಲಿಯುವವರು ಅಲ್ಲಿ ಅಂಕಿಯ ಬದಲು ಅಕ್ಷರವನ್ನು ಕಂಡು ಗಾಬರಿಯಾಗಿ ಅಳಿಸಿಬಿಡುವುದನ್ನು ನಾನು ನೋಡಿದ್ದೇನೆ. ಅಳಿಸಬೇಕಾಗಿಲ್ಲ, ಒಳಪುಟಕ್ಕೆ ಹೋಗಿ ನೋಡಿದರೆ ಸಾಕು. ಮಾಸ್ಟರ್ ಪುಟಗಳನ್ನು ಇನ್‌ಡಿಸೈನ್ 2021ರಲ್ಲಿ ಬಂದ ಆವೃತ್ತಿಯಿಂದ "ಪೇರೆಂಟ್ ಪುಟ" ಎಂದು ಕರೆಯುತ್ತಿದೆ, ಕೆಲಸ ಮಾತ್ರ ಅದೇ.

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಎಂಬ ಕಂಪನಿಯಿಂದ ಬಂತು. ಕಂಪನಿಗೆ ಆ ಹೆಸರು ಸಿಕ್ಕಿದ್ದು ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್‌ನಿಂದ. ಅವನು 1499ರಲ್ಲಿ ಅಚ್ಚು ಹಾಕಿದ ಒಂದು ದೊಡ್ಡ ಲ್ಯಾಟಿನ್ ಆಕರ ಗ್ರಂಥದಲ್ಲಿ ಪುಟಗಳಿಗೂ ಸಾಲುಗಳಿಗೂ ಸಂಖ್ಯೆ ಕೊಟ್ಟು, ಪದಸೂಚಿಯಿಂದ ನೇರವಾಗಿ ಸಾಲಿಗೇ ತಲುಪುವಂತೆ ಮಾಡಿದ್ದ. ಕೈಯಲ್ಲಿ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಂಥ ಸೂಚಿಯನ್ನು ತಪ್ಪಿಲ್ಲದೆ ತಯಾರಿಸಲು ಎಷ್ಟು ತಾಳ್ಮೆ ಬೇಕಾಗಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಆ ಕೆಲಸಗಾರರ ಮೇಲೆ ಗೌರವ ಹೆಚ್ಚುತ್ತದೆ.

ಅನೇಕ ಪುಸ್ತಕಗಳಲ್ಲಿ ಮೊದಲ ಪುಟ ಒಂದು ಎಂದು ಎಣಿಕೆ ಶುರುವಾಗುವುದಿಲ್ಲ. ಒಳ ಶೀರ್ಷಿಕೆ, ಅರ್ಪಣೆ, ಪರಿವಿಡಿ, ಮುನ್ನುಡಿಗಳಿಗೆ ಚಿಕ್ಕ ರೋಮನ್ ಅಂಕಿಗಳು, ಮುಖ್ಯ ಪಠ್ಯ ಶುರುವಾದಲ್ಲಿಂದ ಹೊಸದಾಗಿ ಒಂದು, ಎರಡು ಎಂಬ ಎಣಿಕೆ, ಇದು ವಾಡಿಕೆ. ಮುನ್ನುಡಿ ಕೊನೆಯ ಗಳಿಗೆಯಲ್ಲಿ ಬಂದರೂ, ಬಂದದ್ದು ಎಷ್ಟೇ ಉದ್ದವಿದ್ದರೂ, ಮುಖ್ಯ ಪಠ್ಯದ ಒಂದು ಸಂಖ್ಯೆಯೂ ಅಲುಗಬಾರದು ಎಂಬುದು ಈ ವಾಡಿಕೆಯ ಹಿಂದಿನ ವ್ಯವಹಾರಜ್ಞಾನ. ಇದಕ್ಕಾಗಿ ಇನ್‌ಡಿಸೈನ್‌ನಲ್ಲಿ ಸೆಕ್ಷನ್ ಎಂಬ ಏರ್ಪಾಟಿದೆ, ವರ್ಡ್‌ನಲ್ಲಿ ಸೆಕ್ಷನ್ ಬ್ರೇಕ್ ಇದೆ, ಲಿಬ್ರೆ ಆಫೀಸ್ ರೈಟರ್‌ನಲ್ಲಿ ಪುಟ ಶೈಲಿಯ ಜೊತೆಗೆ ಆರಂಭದ ಸಂಖ್ಯೆಯನ್ನು ಕೊಡುವ ಅವಕಾಶವಿದೆ. ಬಲಗಡೆಯ ಪುಟಕ್ಕೆ ಯಾವಾಗಲೂ ಬೆಸ ಸಂಖ್ಯೆ ಎಂಬ ನಿಯಮವನ್ನು ಈ ತಂತ್ರಾಂಶಗಳು ಗಟ್ಟಿಯಾಗಿ ಪಾಲಿಸುತ್ತವೆ. ಎಷ್ಟರಮಟ್ಟಿಗೆ ಎಂದರೆ, ರೈಟರ್‌ನಲ್ಲಿ ಬೆಸ ಪುಟದ ಬೆನ್ನಿಗೇ ಮತ್ತೊಂದು ಬೆಸ ಪುಟ ಬರುವಂತೆ ಸಂಖ್ಯೆ ಕೊಟ್ಟರೆ ಅದು ನಡುವೆ ತಾನೇ ಒಂದು ಖಾಲಿ ಪುಟವನ್ನು ಸೇರಿಸಿಕೊಳ್ಳುತ್ತದೆ. ಬರೆಯುವಾಗ ತೆರೆಯ ಮೇಲೆ ಆ ಪುಟ ಕಣ್ಣಿಗೆ ಬೀಳದೆ, ಪಿಡಿಎಫ್ ಮಾಡಿದ ಮೇಲೆ "ಒಂದು ಪುಟ ಎಲ್ಲಿಂದ ಬಂತು" ಎಂದು ಹುಡುಕಾಡುವಂತಾಗುತ್ತದೆ.

ಸೆಕ್ಷನ್ ಮಾಡಿದ ಕೂಡಲೇ ಒಂದೇ ಪುಟಕ್ಕೆ ಎರಡು ಹೆಸರು ಬರುತ್ತದೆ ಎಂಬುದನ್ನು ನೆನಪಿಡಬೇಕು. ಹನ್ನೆರಡು ಪುಟಗಳ ಪೀಠಿಕಾ ಭಾಗದ ನಂತರ ಬರುವ ಪುಟ ಓದುಗರಿಗೆ 1ನೇ ಪುಟ, ಕಡತದ ಲೆಕ್ಕದಲ್ಲಿ 13ನೇ ಪುಟ. ಮುದ್ರಣದ ಕಿಟಕಿಯಲ್ಲಿ ಬರೀ 13 ಎಂದು ಕೊಟ್ಟರೆ ಇನ್‌ಡಿಸೈನ್ ಓದುಗರ 13ನೇ ಪುಟವನ್ನು ಕೊಡುತ್ತದೆ. ಕಡತದ ಲೆಕ್ಕದ 13 ಬೇಕಿದ್ದರೆ ಸಂಖ್ಯೆಗೂ ಮೊದಲು ಕೂಡಿಸುವ ಚಿಹ್ನೆಯನ್ನು (+13 ಎಂಬಂತೆ) ಹಾಕಬೇಕು. ಪಿಡಿಎಫ್ ಕಡತದಲ್ಲಿಯೂ ಪುಟಕ್ಕೆ ಹೆಸರು ಕೊಡುವ ವ್ಯವಸ್ಥೆ ಇದೆ. ಅದನ್ನು ಸರಿಯಾಗಿ ಇಟ್ಟರೆ ಓದುಗರು 168 ಎಂದು ಟೈಪಿಸಿದಾಗ ಪುಸ್ತಕದ 168ನೇ ಪುಟವೇ ತೆರೆದುಕೊಳ್ಳುತ್ತದೆ, ಇಡದಿದ್ದರೆ ಪ್ರತಿ ಸಲವೂ ಹನ್ನೆರಡನ್ನು ಕೂಡಿಸಿಕೊಂಡು ಹುಡುಕಬೇಕಾಗುತ್ತದೆ. ಕರಡು ತಿದ್ದುವವರ ಜೊತೆ ದೂರವಾಣಿಯಲ್ಲಿ ಮಾತನಾಡುವಾಗ "ಅಚ್ಚಾಗಿ ಕಾಣುವ ಸಂಖ್ಯೆ" ಎಂದೇ ಸ್ಪಷ್ಟವಾಗಿ ಹೇಳುವ ಅಭ್ಯಾಸವನ್ನು ನಾನು ಮಾಡಿಕೊಂಡಿದ್ದೇನೆ.

ಇನ್ನು ಕ್ರಾಸ್ ರೆಫರೆನ್ಸ್, ಅಂದರೆ ಗುರಿಯ ಪುಟಸಂಖ್ಯೆಯನ್ನು ತಂತ್ರಾಂಶದಿಂದಲೇ ತರಿಸಿಕೊಳ್ಳುವ ಉಲ್ಲೇಖ. ಇನ್‌ಡಿಸೈನ್‌ನಲ್ಲಿ ಈ ಸೌಲಭ್ಯ 2008ರ ಸಿಎಸ್4 ಆವೃತ್ತಿಯಲ್ಲಿ ಬಂತು. ಉದ್ದುದ್ದ ಕೈಪಿಡಿಗಳಿಗೆಂದೇ ಬೆಳೆದ ಫ್ರೇಮ್‌ಮೇಕರ್‌ನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಉಲ್ಲೇಖ ಬರಬೇಕಾದ ಜಾಗದಲ್ಲಿ ಕರ್ಸರ್ ಇಟ್ಟು, ಪ್ಯಾನೆಲ್ ತೆರೆದು, ಎಡಗಡೆ ಪ್ಯಾರಾ ಶೈಲಿಯನ್ನು (ಅಕ್ಷರದ ರೂಪ, ಗಾತ್ರ ಮುಂತಾದವುಗಳಿಗೆ ಒಟ್ಟಾಗಿ ಕೊಟ್ಟ ಹೆಸರು), ಬಲಗಡೆ ಆ ಶೈಲಿಯಲ್ಲಿರುವ ಶೀರ್ಷಿಕೆಗಳಲ್ಲಿ ಒಂದನ್ನು ಆರಿಸಿದರೆ, ಪುಟಸಂಖ್ಯೆ ತಾನಾಗಿ ಬಂದು ಕೂರುತ್ತದೆ. ಶೀರ್ಷಿಕೆಗಳಿಗೆ ಶೈಲಿಯನ್ನೇ ಕೊಡದೆ ಅಕ್ಷರದ ಗಾತ್ರ ಹೆಚ್ಚಿಸಿ ದಪ್ಪ ಮಾಡಿದ ಕಡತದಲ್ಲಿ ಈ ಪಟ್ಟಿಯಿಂದ ಏನೂ ಪ್ರಯೋಜನವಾಗದು, ಏಕೆಂದರೆ ತಂತ್ರಾಂಶಕ್ಕೆ ಶೀರ್ಷಿಕೆ ಯಾವುದು ಸಾಮಾನ್ಯ ಸಾಲು ಯಾವುದು ಎಂದು ಗೊತ್ತಾಗುವ ಬೇರೆ ದಾರಿಯೇ ಇಲ್ಲ. ಕೈಪಿಡಿಯ ಕೆಲಸದಲ್ಲಿ ನಾನು ಸಂಖ್ಯೆಗಳನ್ನು ಕೈಯಿಂದ ಟೈಪಿಸಲು ಅರ್ಧ ಕಾರಣ ಇದೇ ಆಗಿತ್ತು. ಪಠ್ಯ ನನ್ನ ಕೈಗೆ ಬಂದಾಗ ಅದರಲ್ಲಿ ಒಂದು ಶೈಲಿಯೂ ಇರಲಿಲ್ಲ, ಮೊದಲು ಶೈಲಿಗಳನ್ನು ಹಚ್ಚುವಷ್ಟು ವ್ಯವಧಾನವನ್ನು ನಾನು ತೋರಲಿಲ್ಲ.

ಉಲ್ಲೇಖವನ್ನು ಹೀಗೆ ಸೇರಿಸಿದಾಗ ತಂತ್ರಾಂಶವು ಶೀರ್ಷಿಕೆಯ ಮೊದಲ ಅಕ್ಷರಕ್ಕೂ ಮುಂಚೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಗುರುತನ್ನು ನೆಡುತ್ತದೆ. ಉಲ್ಲೇಖದ ಪ್ರಾಣ ಇರುವುದು ಆ ಗುರುತಿನಲ್ಲಿ. ಶೀರ್ಷಿಕೆಯ ಪದಗಳನ್ನು ಒಂದೊಂದಾಗಿ ತಿದ್ದಿದರೆ ಗುರುತಿಗೆ ಏನೂ ಆಗುವುದಿಲ್ಲ. ಆದರೆ ಸಾಲಿಡೀ ಆಯ್ಕೆ ಮಾಡಿ ಅದರ ಮೇಲೆ ಹೊಸ ಶೀರ್ಷಿಕೆಯನ್ನು ಟೈಪಿಸಿದರೆ, ಅಥವಾ ಲೇಖಕರು ಮಿಂಚಂಚೆಯಲ್ಲಿ ಕಳಿಸಿದ ತಿದ್ದುಪಡಿಯನ್ನು ತಂದು ಅಂಟಿಸಿದರೆ, ಗುರುತು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಪುಟದ ಮೇಲೆ ನೋಡಿದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ, ಉಲ್ಲೇಖದಲ್ಲಿ ಹಳೆಯ ಸಂಖ್ಯೆ ಹಾಗೆಯೇ ನಿಂತಿರುತ್ತದೆ. ಪ್ಯಾನೆಲ್‌ನಲ್ಲಿ ಮಾತ್ರ ಆ ಉಲ್ಲೇಖದ ಮುಂದೆ ಕೆಂಪು ಬಾವುಟ ಏರಿರುತ್ತದೆ. ಗುರಿ ಸಿಗುತ್ತಿದ್ದು ಸಂಖ್ಯೆ ಹಳತಾಗಿದ್ದರೆ ಹಳದಿ ತ್ರಿಕೋನ ಬರುತ್ತದೆ, ಅದನ್ನು ಅಪ್‌ಡೇಟ್ ಮಾಡಿದರೆ ಮುಗಿಯಿತು. ಬಾವುಟ ಹಾಗಲ್ಲ, ಗುರಿಯನ್ನು ಮತ್ತೆ ಹುಡುಕಿ ಕೊಡಬೇಕು. ಆದ್ದರಿಂದ ಶೀರ್ಷಿಕೆಯನ್ನು ಬದಲಿಸಬೇಕಾದಾಗ ನಾನು ಪಠ್ಯವನ್ನಷ್ಟೇ ತೋರಿಸುವ ಸ್ಟೋರಿ ಎಡಿಟರ್ ಎಂಬ ಕಿಟಕಿಯನ್ನು ತೆರೆಯುತ್ತೇನೆ. ಅಲ್ಲಿ ಆ ಗುರುತು ಚಿಕ್ಕ ಚಿಹ್ನೆಯಾಗಿ ಕಾಣುತ್ತದೆ, ಅದರ ಬಲಕ್ಕೆ ಕರ್ಸರ್ ಇಟ್ಟು ಟೈಪಿಸಬಹುದು.

ವರ್ಡ್‌ನಲ್ಲಿಯೂ ಕಥೆ ಇದೇ, ಅಲ್ಲಿ ಕಾಣದ ಗುರುತಿಗೆ ಬುಕ್‌ಮಾರ್ಕ್ ಎಂದು ಹೆಸರು. ಗುರುತು ಅಳಿದರೆ, ಮುಂದಿನ ಸಲ ಅಪ್‌ಡೇಟ್ ಮಾಡಿದಾಗ ಉಲ್ಲೇಖದ ಜಾಗದಲ್ಲಿ "ಮೂಲ ಸಿಗಲಿಲ್ಲ" ಎಂಬರ್ಥದ ದೋಷವಾಕ್ಯ ಇಂಗ್ಲಿಷಿನಲ್ಲಿ ದಪ್ಪಕ್ಷರಗಳಲ್ಲಿ ಬಂದು ಕೂರುತ್ತದೆ, ಮತ್ತು ಅಚ್ಚಾದ ವರದಿಗಳಲ್ಲಿಯೂ ಈ ವಾಕ್ಯವನ್ನು ನಾನು ಕಂಡಿದ್ದೇನೆ. ವರ್ಡ್‌ನಲ್ಲಿ ಪುಟದ ಅಡಿಯ ಸಂಖ್ಯೆ ತಾನಾಗಿ ಬದಲಾಗುತ್ತದೆ, ಆದರೆ ಪಠ್ಯದೊಳಗಿನ ಉಲ್ಲೇಖ ತಾನಾಗಿ ಬದಲಾಗುವುದಿಲ್ಲ. ಎಲ್ಲವನ್ನೂ ಆಯ್ಕೆ ಮಾಡಿ ಎಫ್9 ಒತ್ತಬೇಕು. ಹಾಗೆ ಎಲ್ಲವನ್ನೂ ಆಯ್ಕೆ ಮಾಡಿದಾಗಲೂ ಅಡಿಟಿಪ್ಪಣಿಗಳ ಮತ್ತು ಟೆಕ್ಸ್ಟ್ ಬಾಕ್ಸ್‌ಗಳ ಒಳಗಿನ ಉಲ್ಲೇಖಗಳು ಆ ಆಯ್ಕೆಗೆ ಸೇರುವುದಿಲ್ಲ, ಅಲ್ಲಲ್ಲಿಗೆ ಹೋಗಿ ಬೇರೆಯಾಗಿ ಎಫ್9 ಒತ್ತಬೇಕು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಬರಹದ ನಡುವೆ ಆದೇಶಗಳನ್ನು ಬರೆದು ಪುಟ ಕಟ್ಟಿಸುವ ಲೇಟೆಕ್ ತಂತ್ರಾಂಶವನ್ನು ಬಳಸುವವರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರುತ್ತಾರೆ, ಏಕೆಂದರೆ ಅದು ತನ್ನ ಕೆಲಸವನ್ನು ಮುಚ್ಚಿಡುವುದಿಲ್ಲ. ಮೊದಲ ಸುತ್ತಿನಲ್ಲಿ ಅದು ಪುಟಗಳನ್ನು ಕಟ್ಟುತ್ತಾ, ಯಾವ ಗುರುತು ಯಾವ ಪುಟಕ್ಕೆ ಬಿತ್ತು ಎಂಬುದನ್ನು ಪಕ್ಕದ ಕಡತವೊಂದರಲ್ಲಿ ಬರೆದಿಡುತ್ತದೆ. ಉಲ್ಲೇಖದ ಜಾಗದಲ್ಲಿ ಆಗ ಎರಡು ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಇರುತ್ತವೆ. ಎರಡನೆಯ ಸುತ್ತಿನಲ್ಲಿ ಆ ಕಡತವನ್ನು ಓದಿ ಸಂಖ್ಯೆಗಳನ್ನು ತುಂಬುತ್ತದೆ. ತುಂಬಿದ್ದರಿಂದಲೇ ಪುಟಗಳು ಅಲುಗಿದ್ದರೆ "ಮತ್ತೊಮ್ಮೆ ಓಡಿಸಿ" ಎಂದು ಸೂಚಿಸುತ್ತದೆ.

ಸಂಖ್ಯೆ ತುಂಬಿದ್ದರಿಂದಲೇ ಪುಟ ಅಲುಗುವುದು ಎಂಬ ಈ ಮಾತು ಮೊದಲ ಸಲ ಅರ್ಥವಾದಾಗ ನನಗೆ ಬಹಳ ಸಂತೋಷವಾಗಿತ್ತು, ಏಕೆಂದರೆ ಕೆಲವು ಕಡತಗಳು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ನೆಲೆ ನಿಲ್ಲದೆ ಇದ್ದುದಕ್ಕೆ ಅದರಲ್ಲಿ ಉತ್ತರವಿತ್ತು. ಮುನ್ನುಡಿಯ ಏಳನೆಯ ಪುಟದಲ್ಲಿ "ಸಂಕ್ಷೇಪಾಕ್ಷರಗಳ ಪಟ್ಟಿ ಇಂಥ ಪುಟದಲ್ಲಿದೆ" ಎಂಬ ಸಾಲಿದೆ ಎಂದುಕೊಳ್ಳೋಣ. ಪಟ್ಟಿಯ ಶೀರ್ಷಿಕೆ ಎಂಟನೆಯ ಪುಟದ ತೀರಾ ಕೆಳಗೆ, ಕೊನೆಯ ಜಾಗದಲ್ಲಿ ನಿಂತಿದೆ. ರೋಮನ್ ಅಂಕಿಯಲ್ಲಿ ಎಂಟನ್ನು ಬರೆಯಲು ನಾಲ್ಕು ಅಕ್ಷರ ಬೇಕು, ಒಂಬತ್ತಕ್ಕೆ ಎರಡೇ ಸಾಕು. ಉಲ್ಲೇಖದಲ್ಲಿ ಎಂಟು ಎಂದು ತುಂಬಿದ ಕೂಡಲೇ ಆ ಅಗಲಕ್ಕೆ ಸಾಲು ತುಂಬಿ, ಕೊನೆಯ ಪದ ಕೆಳಗಿಳಿದು, ಪ್ಯಾರಾ ಒಂದು ಸಾಲು ಬೆಳೆಯುತ್ತದೆ. ಆ ಒಂದು ಸಾಲಿನ ಒತ್ತಡಕ್ಕೆ ಶೀರ್ಷಿಕೆ ಒಂಬತ್ತನೆಯ ಪುಟಕ್ಕೆ ಜಾರುತ್ತದೆ. ತಂತ್ರಾಂಶ ಉಲ್ಲೇಖವನ್ನು ಒಂಬತ್ತು ಎಂದು ತಿದ್ದುತ್ತದೆ, ಎರಡು ಅಕ್ಷರ ಉಳಿದು ಪ್ಯಾರಾ ಒಂದು ಸಾಲು ಕುಗ್ಗುತ್ತದೆ, ಶೀರ್ಷಿಕೆ ಮತ್ತೆ ಎಂಟನೆಯ ಪುಟಕ್ಕೆ ಬರುತ್ತದೆ. ಎಂಟೆಂದರೆ ಒಂಬತ್ತು, ಒಂಬತ್ತೆಂದರೆ ಎಂಟು. ಇದು ತಂತ್ರಾಂಶದ ದೋಷವಲ್ಲ, ಎರಡೂ ಸ್ಥಿತಿಗಳು ತಪ್ಪಾಗಿರುವ ಒಂದು ಒಗಟು. ಬಿಡಿಸುವ ದಾರಿ ಎಂದರೆ ವಾಕ್ಯದಲ್ಲಿ ಒಂದು ಪದವನ್ನು ಕಡಿಮೆ ಮಾಡುವುದು, ಇಲ್ಲವೇ ಪಟ್ಟಿಯನ್ನು ಹೊಸ ಪುಟದಿಂದಲೇ ಶುರುಮಾಡುವುದು. ಪುಟಗಳನ್ನು ಕಟ್ಟುವವರು ಕೊನೆಯಲ್ಲಿ ಕಣ್ಣಿಟ್ಟು ನೋಡಲೇಬೇಕಾದ ಜಾಗಗಳಲ್ಲಿ ಇದೊಂದು.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕಿದೆ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. ಪುಟಸಂಖ್ಯೆಯ ಮಟ್ಟಿಗೆ "168ನೇ ಪುಟದಲ್ಲಿ" ಎಂಬ ರೂಪ ನಮ್ಮನ್ನು ಕಾಪಾಡುತ್ತದೆ, ಏಕೆಂದರೆ ಸಂಖ್ಯೆ ಯಾವುದಾದರೂ "ನೇ" ಬದಲಾಗುವುದಿಲ್ಲ, ವಿಭಕ್ತಿಯ ಭಾರವನ್ನು "ಪುಟ" ಎಂಬ ಪದ ಹೊರುತ್ತದೆ. ಆದರೆ ಸಂಖ್ಯೆಯ ಜೊತೆಗೆ ಶೀರ್ಷಿಕೆಯ ಪದಗಳನ್ನೂ ತಂತ್ರಾಂಶದಿಂದಲೇ ತರಿಸಿಕೊಂಡಾಗ ಕಷ್ಟ ಶುರುವಾಗುತ್ತದೆ. "ಬೀಜ" ಎಂಬ ಶೀರ್ಷಿಕೆಯನ್ನು ತರಿಸಿ, ಅದರ ಹಿಂದೆಯೇ "ದ ಕುರಿತು" ಎಂದು ನಾನು ಟೈಪಿಸಿಟ್ಟಿದ್ದೇನೆ ಎನ್ನೋಣ. ಲೇಖಕರು ಶೀರ್ಷಿಕೆಯನ್ನು "ಮಣ್ಣು" ಎಂದು ಬದಲಿಸಿದರೆ ಉಲ್ಲೇಖ ಅಪ್‌ಡೇಟ್ ಆಗಿ "ಮಣ್ಣುದ ಕುರಿತು" ಎಂದಾಗುತ್ತದೆ. "ಮಣ್ಣಿನ" ಎಂದು ಮಾಡಿಕೊಳ್ಳುವಷ್ಟು ವ್ಯಾಕರಣ ಆ ಗುರುತಿಗೆ ತಿಳಿಯದು. ಅದಕ್ಕೇ ನಾನು ಉಲ್ಲೇಖದ ವಿನ್ಯಾಸದಲ್ಲಿಯೇ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ನಂತರ "ಎಂಬ ಭಾಗವನ್ನು ನೋಡಿ" ಎಂದು ಸೇರಿಸುತ್ತೇನೆ. ಆಗ ಪ್ರತ್ಯಯ ಹತ್ತುವುದು "ಭಾಗ" ಎಂಬ ಪದಕ್ಕೆ, ಶೀರ್ಷಿಕೆ ಏನಾದರೂ ವಾಕ್ಯ ಕೆಡುವುದಿಲ್ಲ. ಇಂಥ ವಿನ್ಯಾಸವನ್ನು ಒಮ್ಮೆ ಮಾಡಿಟ್ಟುಕೊಂಡರೆ ಪುಸ್ತಕದ ಉದ್ದಕ್ಕೂ ಉಲ್ಲೇಖಗಳು ಒಂದೇ ರೀತಿಯಲ್ಲಿರುತ್ತವೆ. ಅದರೊಳಗೇ "168ನೇ" ಮತ್ತು "ಪುಟ" ಇವುಗಳ ನಡುವೆ ಮುರಿಯದ ಖಾಲಿಜಾಗವನ್ನು ಹಾಕಿಟ್ಟರೆ ಸಂಖ್ಯೆ ಒಂದು ಸಾಲಿನ ತುದಿಯಲ್ಲಿ, ಪುಟ ಎಂಬ ಪದ ಮುಂದಿನ ಸಾಲಿನ ಮೊದಲಲ್ಲಿ ಬೀಳುವುದೂ ತಪ್ಪುತ್ತದೆ.

ಯಾವ ತಂತ್ರಾಂಶವೂ ತಿದ್ದಲಾಗದ ಉಲ್ಲೇಖಗಳೂ ಇವೆ. "ಎದುರು ಪುಟದ ಚಿತ್ರ", "ಮೇಲಿನ ಕೋಷ್ಟಕ", "ಮುಂದಿನ ಪುಟದಲ್ಲಿ ವಿವರಿಸಿದಂತೆ" ಎಂಬ ಮಾತುಗಳು ಲೇಖಕರು ಬರೆದಾಗ ನಿಜವಾಗಿರುತ್ತವೆ, ಪುಟ ಕಟ್ಟಿದಾಗ ಸುಳ್ಳಾಗುತ್ತವೆ. ಒಂದೇ ಒಂದು ಪುಟ ಹೆಚ್ಚಾದರೆ ಸಾಕು, ಎಡದ ಪುಟಗಳು ಬಲಕ್ಕೆ, ಬಲದವು ಎಡಕ್ಕೆ ಹೋಗಿ, ಎದುರಿನ ಚಿತ್ರ ಹಾಳೆಯ ಹಿಂಬದಿಗೆ ಸೇರುತ್ತದೆ. ನಾನು ಈಗ ಲೇಖಕರಲ್ಲಿ ಚಿತ್ರಕ್ಕೂ ಕೋಷ್ಟಕಕ್ಕೂ ಸಂಖ್ಯೆ ಕೊಟ್ಟು, ಆ ಸಂಖ್ಯೆಯಿಂದಲೇ ಸೂಚಿಸುವಂತೆ ಕೇಳಿಕೊಳ್ಳುತ್ತೇನೆ. ಕೆಲವರಿಗೆ ಇದು ಶುಷ್ಕ ಎನಿಸುತ್ತದೆ. ಕಥನದ ಓಟವಿರುವ ಪುಸ್ತಕದಲ್ಲಿ ಅವರ ಮಾತಿನಲ್ಲಿ ಹುರುಳಿದೆ, ಕೈಪಿಡಿಯಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಕಡತಗಳಿರುವ ದೊಡ್ಡ ಪುಸ್ತಕವನ್ನು ಇನ್‌ಡಿಸೈನ್‌ನ ಬುಕ್ ಪ್ಯಾನೆಲ್‌ನಲ್ಲಿ ಒಟ್ಟುಗೂಡಿಸಬಹುದು. ಪ್ರತಿ ಅಧ್ಯಾಯ ಮುಂದಿನ ಬೆಸ ಪುಟದಿಂದ ಶುರುವಾಗಲಿ, ನಡುವೆ ಬೇಕಾದರೆ ಖಾಲಿ ಪುಟ ಸೇರಲಿ ಎಂದು ಅಲ್ಲಿಯೇ ಹೇಳಬಹುದು. ಒಂದು ಅಧ್ಯಾಯದ ಕಡತವನ್ನು ಪ್ಯಾನೆಲ್‌ನ ಹೊರಗಿನಿಂದ ಬೇರೆ ಹೆಸರಿನಲ್ಲಿ ಉಳಿಸಿದರೆ, ಬೇರೆ ಅಧ್ಯಾಯಗಳ ಉಲ್ಲೇಖಗಳು ಹಳೆಯ ಕಡತವನ್ನೇ ನೋಡುತ್ತಾ ಕೂರುತ್ತವೆ. ಹಾಗಾಗಿ ಕಡತದ ಹೆಸರಿಗೆ "ಹೊಸದು", "ಅಂತಿಮ" ಎಂದೆಲ್ಲ ಸೇರಿಸುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ. ಹಳೆಯ ಪ್ರತಿಯನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ, ಕೆಲಸದ ಕಡತದ ಹೆಸರನ್ನು ಮುಟ್ಟದೆ ಉಳಿಸುತ್ತೇನೆ.

ಆ ಕೈಪಿಡಿ ಎರಡನೆಯ ಮುದ್ರಣಕ್ಕೆ ಬಂದಾಗ ಕೆಲಸವನ್ನು ನಾನೇ ಕೇಳಿ ಪಡೆದೆ. ಮೊದಲು ಶೀರ್ಷಿಕೆಗಳಿಗೂ ಕೋಷ್ಟಕಗಳ ತಲೆಬರಹಗಳಿಗೂ ಶೈಲಿಗಳನ್ನು ಹಚ್ಚಿದೆ. ನಂತರ ಪದದ ಬದಲು ಮಾದರಿಯನ್ನು ಕೊಟ್ಟು ಹುಡುಕುವ ಗ್ರೆಪ್ ಹುಡುಕಾಟದಲ್ಲಿ "ನೇ ಪುಟ" ಎಂಬ ಪದಗಳ ಹಿಂದೆ ಅಂಕಿಗಳಿರುವ ಜಾಗಗಳನ್ನೆಲ್ಲ ಹುಡುಕಿಸಿದೆ. "ಪುಟ 12", "ಪು. 12" ಎಂಬ ರೂಪಗಳೂ ಅಲ್ಲಲ್ಲಿ ಸಿಕ್ಕವು, ಅವುಗಳಿಗಾಗಿ ಮತ್ತೆರಡು ಸಲ ಹುಡುಕಿದೆ. ಸಿಕ್ಕಿದ ಪ್ರತಿಯೊಂದು ಸಂಖ್ಯೆಯನ್ನೂ ಅಳಿಸಿ, ಅದರ ಜಾಗದಲ್ಲಿ ನಿಜವಾದ ಕ್ರಾಸ್ ರೆಫರೆನ್ಸನ್ನು ಇಟ್ಟೆ. ಎರಡು ದಿನ ಹಿಡಿಯಿತು. ಕೊನೆಗೆ ಪಿಡಿಎಫ್ ಮಾಡಿ, ಕಾಗದದ ಮೇಲೆ ತೆಗೆದು, ಹಿಂದಿನ ಪುಟದಿಂದ ಮುಂದಕ್ಕೆ ಬರುತ್ತಾ ಒಂದೊಂದೇ ಉಲ್ಲೇಖದ ಜೊತೆ ಹೋಗಿ ನೋಡಿ ಸೀಸದಕಡ್ಡಿಯಲ್ಲಿ ಗುರುತು ಹಾಕಿದೆ. ಅಳತೆಗಳ ಕೋಷ್ಟಕ ಆಗ 176ನೇ ಪುಟದಲ್ಲಿತ್ತು, ಉಲ್ಲೇಖವೂ 176 ಎಂದೇ ಹೇಳುತ್ತಿತ್ತು.

ಒಂದು ಉಲ್ಲೇಖವನ್ನು ಮಾತ್ರ ನನಗೆ ಕಟ್ಟಲಾಗಲಿಲ್ಲ. ಎಂಟನೆಯ ಅಧ್ಯಾಯದಲ್ಲಿ ಕವಾಟಗಳ ಕೋಷ್ಟಕಕ್ಕೆ 191ನೇ ಪುಟ ನೋಡಿ ಎಂದಿತ್ತು. ಪ್ಯಾನೆಲ್‌ನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ, ಅಂಥ ಕೋಷ್ಟಕವೇ ಇರಲಿಲ್ಲ. ಲೇಖಕರನ್ನು ಕೇಳಿದಾಗ, ಅದನ್ನು ಅವರು ಮೊದಲ ಕರಡಿನಲ್ಲಿಯೇ ತೆಗೆದುಹಾಕಿದ್ದು ತಿಳಿಯಿತು. ಮೊದಲ ಮುದ್ರಣದ ಅಷ್ಟೂ ಪ್ರತಿಗಳಲ್ಲಿ ಆ ಸಾಲು ಇಲ್ಲದ ಕೋಷ್ಟಕವೊಂದರ ಪುಟಸಂಖ್ಯೆಯನ್ನು ಹೊತ್ತು ನಿಂತಿತ್ತು. ಲೇಖಕರು ಆ ಕೋಷ್ಟಕವನ್ನು ಹುಡುಕಿ ಕಳಿಸಿದರು. ಅದೀಗ 203ನೇ ಪುಟದಲ್ಲಿದೆ.